ಕಿಲ್ಲಾರಿಯ ದಾರಿಯಲ್ಲಿ ಮನೆಯ ಚಿಂತೆ

ಅಕ್ಕಲಕೋಟೆಯ ನಮ್ಮ ಹಳೆಯ ಮನೆಯ ಮೇಲ್ಮುದ್ದೆ ಸೋರತೊಡಗಿದಾಗ, ಕಾರ್ಖಾನೆಯಲ್ಲಿ ಸಿದ್ಧಗೊಂಡು ಲಾರಿಯಲ್ಲಿ ಬರುವ ಮನೆಯನ್ನು ತರಿಸೋಣವೆಂದು ಮಗನು ಹಠ ಹಿಡಿದನು. ನಿರ್ಧರಿಸುವ ಮುನ್ನ ನಾವು ನಳದುರ್ಗ, ಉಮರ್ಗಾ ಹಾಯ್ದು ಕಿಲ್ಲಾರಿಗೆ ಹೋದೆವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಮಲಗಿದವರ ಜೀವ ತೆಗೆದುದು ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ತೊಲೆಗಳ ಮೇಲೆ ಹೇರಿದ ಮಣ್ಣಿನ ಭಾರ. ನಮ್ಮ ಮನೆಯೂ ಅಂಥದೇ ಎಂದು ನೆನೆದು ಮೈ ನಡುಗಿತು.

ಹಗುರಾದ ಸಿದ್ಧಮನೆ ಬೇಗನೆ ನಿಲ್ಲುವುದು, ಭೂಕಂಪಕ್ಕೂ ಅಂಜದು. ಆದರೆ ನಮ್ಮ ವೈಶಾಖದ ಬಿಸಿಲಿಗೆ ಅದರ ತೆಳುಗೋಡೆ ಕಾದುಹೋಗುವುದು. ಕೊನೆಗೆ ಅದೇ ನೆಲದಲ್ಲಿ ಕಲ್ಲಿನ ಮನೆಯನ್ನೇ ಮರಳಿ ಕಟ್ಟಿಸಿದೆವು. ಮಾಳಿಗೆಗೆ ಮಣ್ಣು ಹೇರಲಿಲ್ಲ. ಗೋಡೆಯ ಎರಡೂ ಮೈಗಳನ್ನು ಹಿಡಿಯುವ ಉದ್ದಗಲ್ಲುಗಳನ್ನಿಡಿಸಿ, ಬಾಗಿಲುಗಳ ಮೇಲ್ಮಟ್ಟದಲ್ಲಿ ಸುತ್ತಲೂ ಕಬ್ಬಿಣ ಸಿಮೆಂಟಿನ ಪಟ್ಟಿ ಹಾಕಿಸಿದೆವು. ಹಳೆಯ ಮನೆಯುಳ್ಳ ವಾಚಕರು ತಮ್ಮ ಮಾಳಿಗೆಯ ಭಾರವನ್ನೊಮ್ಮೆ ನೋಡಿಕೊಳ್ಳಲಿ.