ಕಾಲುವೆ ದಂಡೆಯ ಕಾರ್ಯಾಗಾರ

ಜಪಾನಿನ ಕ್ಯೋಟೊ ಎಂದರೆ ದೇವಾಲಯಗಳ ಊರು. ಚಿನ್ನದ ತಗಡು ಹೊದ್ದ ಮಂಟಪ, ಮರಳು-ಬಂಡೆಗಳ ತೋಟ ನೋಡುವುದಕ್ಕೇ ಪ್ರವಾಸಿಗೆ ದಿನ ಸಾಲದು. ಆದರೆ ವಿಜ್ಞಾನ ಓದುವ ಮಕ್ಕಳನ್ನು ಕರೆದುಕೊಂಡು ಹೋಗುವವರು ಕಿಯಾಮಾಚಿ ಬೀದಿಯ ಹಳೆಯ ಮರದ ಕಟ್ಟಡವೊಂದಕ್ಕೆ ಅರ್ಧ ದಿನ ಮೀಸಲಿಡಬೇಕು. ಇಂದು ಆಸ್ಪತ್ರೆಗಳ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದ ಹೆಸರನ್ನು ನಿಮಿಷಗಳಲ್ಲಿ ಹೇಳುವ ಯಂತ್ರದ ವಂಶವೃಕ್ಷದಲ್ಲಿ ಒಂದು ಬೇರು ಇಲ್ಲಿದೆ.

ಹತ್ತಿರದಲ್ಲೇ ತಕಾಸೆ ಕಾಲುವೆ. 17ನೆಯ ಶತಮಾನದ ಆರಂಭದಲ್ಲಿ ಸುಮಿನೊಕುರಾ ರ್ಯೋಯಿ ಎಂಬ ವರ್ತಕ ತೋಡಿಸಿದ್ದು. ನೀರಿನ ಆಳ ಕಡಿಮೆ. ಅದಕ್ಕೇ ಸರಕು ಸಾಗಿಸಲು ಚಪ್ಪಟೆ ತಳದ ದೋಣಿಗಳು. ಅಂಥದೊಂದು ದೋಣಿಯ ಮಾದರಿಯನ್ನು ಹಳೆಯ ದೋಣಿಕಟ್ಟೆಯಲ್ಲಿ ಇಂದಿಗೂ ಕಟ್ಟಿದ್ದಾರೆ.

1869ರಲ್ಲಿ ರಾಜಧಾನಿಯ ಪಟ್ಟ ಟೋಕಿಯೊಗೆ ಹೋಯಿತು. ಊರು ಬಡವಾಗದಿರಲೆಂದು ಕ್ಯೋಟೊದವರು ಹೊಸ ವಿದ್ಯೆ, ಹೊಸ ಕೈಗಾರಿಕೆಗಳ ಬೆನ್ನು ಹತ್ತಿದರು. ಬೌದ್ಧರ ಪೂಜಾ ಸಾಮಗ್ರಿ ತಯಾರಿಸುವ ಮನೆತನದ ಗೆಂಜೊ ಶಿಮಾಡ್ಜು 1875ರಲ್ಲಿ ಇಲ್ಲಿ ಭೌತ-ರಸಾಯನ ಉಪಕರಣಗಳ ತಯಾರಿಕೆ ಆರಂಭಿಸಿದ. ಶಾಲೆಗಳಿಗೆ ಬೇಕಾದ ಪಾಠೋಪಕರಣಗಳೇ ಈ ಕಂಪನಿಯ ಅಡಿಪಾಯ! ಅವನ ಮಗ, ಹೆಸರು ಮುಂದೆ ಅವನದೂ ಗೆಂಜೊ, ಪುಸ್ತಕದಲ್ಲಿನ ಚಿತ್ರವೊಂದನ್ನೇ ನೋಡಿಕೊಂಡು ಹದಿನೈದರ ವಯಸ್ಸಿನಲ್ಲಿ ವಿಮ್ಸ್‌ಹರ್ಸ್ಟ್ ಯಂತ್ರ ಕಟ್ಟಿದ. ಹಳೆಯ ಹೈಸ್ಕೂಲುಗಳ ಗಾಜಿನ ಬೀರುವಿನಲ್ಲಿ ಧೂಳು ಹಿಡಿದು ಕೂತಿರುತ್ತದಲ್ಲ, ಎರಡು ಗಾಜಿನ ತಟ್ಟೆ ತಿರುಗಿಸಿ ಕಿಡಿ ಹಾರಿಸುವುದು, ಅದೇ. ರಂಟ್‌ಗೆನ್ ಎಕ್ಸ್-ಕಿರಣ ಕಂಡುಹಿಡಿದ ವರ್ಷದೊಳಗೇ, 1896ರಲ್ಲಿ, ಈ ಮಗ ಎಕ್ಸ್-ಕಿರಣದ ಚಿತ್ರವನ್ನೂ ತೆಗೆದ. ಕಂಪನಿಗೆ ನೂರು ತುಂಬಿದ 1975ರಲ್ಲಿ ಹಳೆಯ ಕಾರ್ಯಾಗಾರವೇ ವಸ್ತುಸಂಗ್ರಹಾಲಯವಾಯಿತು.

ಇದೇ ಕಂಪನಿಗೆ 1983ರಲ್ಲಿ ಸೇರಿದವರು ಕೊಯಿಚಿ ತನಾಕಾ. ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಡಾಕ್ಟರೇಟ್ ಇಲ್ಲ. ದೊಡ್ಡ ಅಣುಗಳನ್ನು ಲೇಸರ್‌ನಿಂದ ಎಬ್ಬಿಸಿ ತೂಗುವುದು ಅವರ ಕೆಲಸ. ಲೇಸರ್ ತಾಗಿದೊಡನೆ ಅಣುಗಳು ಚೂರಾಗುತ್ತಿದ್ದವು. 1985ರಲ್ಲಿ ಒಂದು ದಿನ ಕೋಬಾಲ್ಟ್‌ನ ನುಣ್ಣನೆಯ ಪುಡಿಗೆ ಬೇರೆ ದ್ರವದ ಬದಲು ಗ್ಲಿಸರಿನ್ ಸುರಿದುಬಿಟ್ಟರು. ದುಬಾರಿ ಪುಡಿ, ಚೆಲ್ಲಲು ಮನಸ್ಸು ಬರಲಿಲ್ಲ; ಅದರಲ್ಲೇ ಪ್ರಯೋಗ ಮುಂದುವರಿಸಿದರು. ವಿಟಮಿನ್ ಬಿ12 ಅಣು ಒಡೆಯದೆ ಹಾರಿತು! ಅದರ ಮೇಲೆ ಕಂಪನಿ ತಯಾರಿಸಿದ ಯಂತ್ರ ಮಾರಾಟವಾದದ್ದು ಒಂದೇ ಒಂದು. ಆದರೂ 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ 43ರ ತನಾಕಾ ಪಾಲುದಾರರಾದರು. ಇಂದಿನ ಪ್ರಯೋಗಾಲಯಗಳು ಬಳಸುವುದು ಇದರ ಸೋದರ ವಿಧಾನವನ್ನು. ಜರ್ಮನಿಯ ಹಿಲೆನ್‌ಕ್ಯಾಂಪ್ ಮತ್ತು ಕಾರಾಸ್ ರೂಪಿಸಿದ ಇದರ ಹೆಸರು 'ಮಾಲ್ಡಿ'. ಅವರಿಗೆ ಬಹುಮಾನದಲ್ಲಿ ಪಾಲು ಸಿಗದಿದ್ದುದು ಅನೇಕರಿಗೆ ಇಂದಿಗೂ ಸಮಾಧಾನವಿಲ್ಲದ ಸಂಗತಿ.

ಬ್ಯಾಕ್ಟೀರಿಯಾ ಗುರುತಿಸುವ ಹಳೆಯ ಕ್ರಮ ತಾಳ್ಮೆಯದು. ಏಗಾರ್ ತಟ್ಟೆಯಲ್ಲಿ ಬೆಳೆದದ್ದನ್ನು ಬಣ್ಣ ಹಾಕಿ ನೋಡಬೇಕು, ಬಗೆಬಗೆಯ ಸಕ್ಕರೆಗಳನ್ನು ಉಣಿಸಿ ಪ್ರನಾಳದ ಬಣ್ಣ ಬದಲಾಯಿತೇ ಎಂದು ಕಾಯಬೇಕು. ಇದಕ್ಕೆ ಇನ್ನೂ ಒಂದೆರಡು ದಿನ. ರಕ್ತಕ್ಕೆ ಸೋಂಕು ಹತ್ತಿದ ಮಗುವಿಗೆ ಅಷ್ಟು ಬಿಡುವೆಲ್ಲಿ? ವೈದ್ಯರು ಅಂದಾಜಿನ ಮೇಲೆ ಔಷಧಿ ಶುರುಮಾಡಲೇಬೇಕು.

ಮಾಲ್ಡಿಯಲ್ಲಿ ಕಡ್ಡಿಯ ತುದಿಯಷ್ಟು ಬ್ಯಾಕ್ಟೀರಿಯಾವನ್ನು ಲೋಹದ ಫಲಕಕ್ಕೆ ಬಳಿದು, ಮೇಲೊಂದು ಹನಿ ಆಮ್ಲದ ದ್ರಾವಣ ಹಾಕಿ ಒಣಗಿಸುತ್ತಾರೆ. ಲೇಸರ್‌ನ ಪೆಟ್ಟನ್ನು ಆಮ್ಲದ ಹರಳುಗಳು ಹೀರಿಕೊಂಡು ಪ್ರೋಟೀನುಗಳನ್ನು ಇಡಿಯಾಗಿ ಎಬ್ಬಿಸುತ್ತವೆ. ವಿದ್ಯುದಂಶ ಪಡೆದ ಆ ಪ್ರೋಟೀನುಗಳು ನಿರ್ವಾತ ಕೊಳವೆಯಲ್ಲಿ ಓಡುತ್ತವೆ. ಎಲ್ಲಕ್ಕೂ ಒಂದೇ ಶಕ್ತಿ ಕೊಟ್ಟರೆ ಹಗುರಾದದ್ದು ಮೊದಲು ಗುರಿ ಮುಟ್ಟುತ್ತದೆ, ಭಾರವಾದದ್ದು ಆಮೇಲೆ. ತಲುಪಿದ ಹೊತ್ತಿನಿಂದ ತೂಕ ಸಿಕ್ಕಿತು. ಒಂದೊಂದು ಜಾತಿಗೂ ಬೇರೆ ಬೇರೆ ತೂಕಗಳ ಸಾಲು, ಬೆರಳಚ್ಚಿನಂತೆ. ಕಂಪ್ಯೂಟರ್ ತನ್ನ ಸಂಗ್ರಹದಲ್ಲಿ ಹುಡುಕಿ ಹೆಸರು ಹೇಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಇಂಥ ಮೊದಲ ಯಂತ್ರಕ್ಕೆ ಅನುಮತಿ ಕೊಟ್ಟಾಗ ಅದು 193 ಬಗೆಯ ಸೂಕ್ಷ್ಮಾಣುಗಳನ್ನು ಗುರುತಿಸಬಲ್ಲದಾಗಿತ್ತು. ಅದನ್ನು ಮಾರಿದ್ದು ಫ್ರಾನ್ಸಿನ ಬಯೊಮೆರಿಯೊ ಕಂಪನಿ. ಒಳಗಿನ ಯಂತ್ರಭಾಗ ಶಿಮಾಡ್ಜುವಿನದು.

ಹಾಗೆಂದು ಇದು ಸರ್ವಜ್ಞನಲ್ಲ. ಇ. ಕೋಲೈ ಮತ್ತು ಆಮಶಂಕೆಯ ಶಿಗೆಲ್ಲಾ ಎಷ್ಟು ಹತ್ತಿರದ ನೆಂಟರೆಂದರೆ, ಸಾಮಾನ್ಯ ಪರೀಕ್ಷೆಯಲ್ಲಿ ಯಂತ್ರಕ್ಕೂ ಗೊಂದಲ. ಸಾಮಾನ್ಯವಾಗಿ ಬ್ಯಾಕ್ಟೀರಿಯಾವನ್ನು ಮೊದಲು ರಾತ್ರಿಯಿಡೀ ತಟ್ಟೆಯಲ್ಲಿ ಬೆಳೆಸಲೇಬೇಕು. ಹೆಸರು ಸಿಕ್ಕ ಮೇಲೂ ಅದು ಯಾವ ಔಷಧಿಗೆ ಬಗ್ಗುತ್ತದೆ ಎಂಬುದು ಬೇರೆ ಪರೀಕ್ಷೆ. ಅದಕ್ಕೆ ಬಹುಪಾಲು ಮತ್ತೆ ಬೆಳೆಸಿಯೇ ನೋಡಬೇಕು. ಪ್ರಯೋಗಾಲಯದ ಕಿಟಕಿಯಲ್ಲಿ 'ಹೆಸರು ಗೊತ್ತಾಗಿದೆ, ಪೂರ್ತಿ ರಿಪೋರ್ಟು ನಾಳೆ' ಎಂದರೆ ಅದಕ್ಕೆ ಕಾರಣ ಇದು.