ಪೆಟ್ ಸ್ಕ್ಯಾನಿಗೆ ಹೋಗೋ ಮುಂಚೆ ಮನೇಲಿ ಏನೇನು

ನಮ್ಮ ಬೀದೀಲಿ ಈ ವರ್ಷ ಇಬ್ಬರಿಗೆ ಪೆಟ್ ಸ್ಕ್ಯಾನ್ ಬರೆದುಕೊಟ್ಟಾರೆ. ಇಬ್ಬರೂ ನನ್ನತ್ರನೇ ಬಂದು ಕೇಳಿದ್ರು. ಮೊಳಕಾಲ್ಮೂರಿನ ನಮ್ಮಕ್ಕನ ಜೊತೆ ನಾನು ಎರಡು ಸಲ ಬೆಂಗಳೂರಿಗೆ ಹೋಗಿ ಬಂದೀನಿ ಅಂತ ಎಲ್ಲರಿಗೂ ಗೊತ್ತಲ್ಲ. ಬಾಯಲ್ಲಿ ಹೇಳಿದ್ದು ಅರ್ಧ ಮರೆತೋಗ್ತೈತೆ, ಅದಕ್ಕೆ ಬರೆದೇ ಇಡಾನ ಅಂತ ಕುಂತೀನಿ.

ಮೊದಲು ಇದೇನು ಅಂಬೋದು ತಿಳಕಳ್ರಿ. ಗ್ಲೂಕೋಸಿನಂಥ ಒಂದು ಸಕ್ಕರೆಗೆ ವಿಕಿರಣ ಬಿಡೋ ಫ್ಲೋರಿನ್ ಸೇರಿಸಿ ನರಕ್ಕೆ ಚುಚ್ತಾರೆ, ಅದಕ್ಕೆ ಎಫ್‌ಡಿಜಿ ಅಂತ ಹೆಸರು. ಕ್ಯಾನ್ಸರ್ ಗಂಟಿಗೆ ಸಕ್ಕರೆ ಅಂದ್ರೆ ಬಲು ಹಸಿವು, ಅಕ್ಕಪಕ್ಕದ ಜಾಗಕ್ಕಿಂತ ಹೆಚ್ಚು ಎಳಕಂತೈತೆ. ಎಲ್ಲಿ ಹೆಚ್ಚು ಸೇರ್ತೋ ಅಲ್ಲಿ ಚಿತ್ರದಲ್ಲಿ ಹೊಳೀತೈತೆ. ಇಷ್ಟು ಗೊತ್ತಾದ್ರೆ ಪಥ್ಯ ಯಾಕೆ ಅಂತ ಯಾರೂ ಹೇಳೋದು ಬ್ಯಾಡ. ನಾವು ತಿಂದ ಸಕ್ಕರೆ, ದುಡಿದ ರಟ್ಟೆ ತೊಡೆ, ಎರಡೂ ಆ ಔಷಧಿಯ ದಾರಿ ತಪ್ಪಿಸ್ತಾವೆ.

ನಮ್ಮಕ್ಕನದು ರೇಷ್ಮೆ ಸೀರೆ ನೇಯೋ ಮನೆ. ಹಿಂದಿನ ದಿನ ಮಗ್ಗಕ್ಕೆ ಕೂರಬಾರದು ಅಂದಾಗ ಭಾವ ನಂಬಲಿಲ್ಲ. "ಕುಂತು ಮಾಡೋ ಕೆಲಸ ಅಲ್ವೇನವ್ವಾ" ಅಂದ್ರು. ಕುಂತೇ ಮಾಡೋದಾದ್ರೂ ಗುಂಡೀಲಿ ಕಾಲು ಇಳಿಬಿಟ್ಟು ದಿನವೆಲ್ಲ ತುಳೀಬೇಕಲ್ಲ. ತುಳಿದ ಕಾಲು ಸಕ್ಕರೆ ಎಳಕಂತೈತೆ. ಹೊಲದ ಕೆಲಸ, ನೀರು ಹೊರೋದು, ಬಟ್ಟೆ ಒಗೆಯೋದು, ಎಲ್ಲಾ ಒಂದು ದಿನ ಮುಂಚೇನೇ ನಿಲ್ಲಿಸ್ರಿ. ಎಲೆಅಡಿಕೆ ಹಾಕೋರು ಬಾಯಿ ಕಟ್ಟಬೇಕು. ಅಗಿದ್ರೆ ದವಡೆನೂ ಹೊಳೀತೈತೆ.

ಊಟದ್ದೇ ಕಷ್ಟ. ಹಿಂದಿನ ದಿನ ಮುದ್ದೆ, ಅನ್ನ, ರೊಟ್ಟಿ, ಬೆಲ್ಲ ಕಡಿಮೆ ಮಾಡಿ ಅಂತ ಹೇಳ್ತಾರೆ. ಮೊಟ್ಟೆ, ಕೋಳಿ, ಸೊಪ್ಪಿನ ಪಲ್ಯ ನಡೀತೈತೆ. ಸ್ಕ್ಯಾನಿನ ದಿನ ಕನಿಷ್ಠ ಆರು ಗಂಟೆ ಖಾಲಿ ಹೊಟ್ಟೆ, ಬರೀ ನೀರು ಕುಡೀಬೋದು. ನಮ್ಮ ಕಡೆ ರೋಗಿ ಅಂದ್ರೆ ನೋಡೋಕೆ ಬಂದೋರೆಲ್ಲ ಹಣ್ಣು, ಬಿಸ್ಕತ್ತು, ಹಾರ್ಲಿಕ್ಸ್ ತರ್ತಾರೆ, ತಿನ್ನೋವರೆಗೂ ಬಿಡಲ್ಲ. ನಮ್ಮ ಬೀದಿಯ ಒಬ್ಬ ಅತ್ತೆಗೆ ಹಿಂಗೇ ಆತು. ಸಕ್ಕರೆ ಕಾಯಿಲೆ ಬೇರೆ. ಅಲ್ಲಿ ಹೋಗಿ ಬೆರಳು ಚುಚ್ಚಿ ನೋಡಿದ್ರೆ 260. ಸಾಮಾನ್ಯವಾಗಿ 200 ದಾಟಿದ್ರೆ ಮುಂದಕ್ಕೆ ಹಾಕ್ತಾರೆ. ಅಷ್ಟು ದೂರ ಹೋಗಿ ಬರಿಗೈಲಿ ವಾಪಸ್ ಬಂದ್ರು. ಬಂದೋರಿಗೆ ಬಾಗಿಲಲ್ಲೇ ಹೇಳಿಬಿಡ್ರಿ, ಬೇಜಾರಾದ್ರೆ ಆಗ್ಲಿ.

ಸಕ್ಕರೆ ಕಾಯಿಲೆ ಇರೋರು ಮಾತ್ರೆ, ಇನ್ಸುಲಿನ್ ಯಾವಾಗ ತಗಬೇಕು, ಯಾವುದು ಬಿಡಬೇಕು ಅಂತ ದಿನಾಂಕ ಕೊಡೋವಾಗ್ಲೇ ಕೇಳ್ರಿ. ಮೆಟ್‌ಫಾರ್ಮಿನ್ ನುಂಗಿದ್ರೆ ಕರುಳು ಹೊಳೀತೈತೆ, ಅದಕ್ಕೆ ಕೆಲವು ಕಡೆ ಎರಡು ದಿನ ಬಿಡಿಸ್ತಾರೆ. ನೀವಾಗೇ ಬಿಡಬ್ಯಾಡ್ರಿ.

ನಮ್ಮೋರು ಹೆಚ್ಚಾಗಿ ಹೋಗೋದು ಬೆಂಗಳೂರಿನ ಕಿದ್ವಾಯಿಗೆ. ಚಳ್ಳಕೆರೆಯಿಂದ ಸುಮಾರು 200 ಕಿಲೋಮೀಟರು, ಮೊಳಕಾಲ್ಮೂರಿನೋರಿಗೆ ಇನ್ನೂ ದೂರ. ಎಲ್ಲೇ ಹೋದ್ರೂ ಹಿಂದಿನ ದಿನವೇ ಹೋಗಿ ಉಳಕಳ್ರಿ. ಈ ಔಷಧಿ ಬೀರುವಿನಲ್ಲಿ ಇಟ್ಟು ಕೊಡೋದಲ್ಲ, 110 ನಿಮಿಷಕ್ಕೊಂದ್ಸಲ ಅದರ ಶಕ್ತಿ ಅರ್ಧ ಆಗ್ತಾ ಹೋಗ್ತೈತೆ. ಬಸ್ಸು ತಡ ಆತು ಅಂದ್ರೆ ಅದು ನಿಮಗೋಸ್ಕರ ಕಾಯಲ್ಲ. ಕಾರ್ಡಿನಲ್ಲಿ ಆಗ್ತೈತೋ ದುಡ್ಡು ಕಟ್ಟಬೇಕೋ ಅದನ್ನೂ ಮೊದಲೇ ವಿಚಾರಿಸ್ರಿ.

ಬಳೆ, ಓಲೆ, ಸರ ಎಲ್ಲಾ ತೆಗೆಸ್ತಾರೆ, ಲೋಹ ಇದ್ರೆ ಚಿತ್ರ ಕೆಡ್ತೈತೆ. ತಾಳಿ ಅಂದ ಕೂಡ್ಲೇ ಅಕ್ಕ ಅತ್ತುಬಿಟ್ಲು. ಕಾಯಿಲೆ ಹೆಸರು ಕೇಳಿದಾಗ ಅಳದೇ ಇದ್ದೋಳು ಅಲ್ಲಿ ಅತ್ಲು. ಎರಡನೇ ಸಲ ನಾನೇ ಮನೇಲಿ ಅರಿಶಿಣದ ಕೊಂಬು ಹತ್ತಿ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದೆ, ತಾಳಿ ದೇವರ ಮುಂದೆ ಇಟ್ವಿ. ದಾರಕ್ಕೆ ಯಾರೂ ಏನೂ ಅನ್ನಲಿಲ್ಲ.

ಚುಚ್ಚಿದ ಮೇಲೆ ಒಂದು ಗಂಟೆ ಹತ್ತಿರ ಸುಮ್ನೆ ಮಲಗಿಸ್ತಾರೆ. ಮಾತು, ಫೋನು ಏನೂ ಇಲ್ಲ. ಮೈ ಚಳಿಗೆ ನಡುಗಿದ್ರೂ ಚಿತ್ರ ಸರಿ ಬರಲ್ಲ, ಅಲ್ಲಿ ಏಸಿ ಬೇರೆ, ಕಂಬಳಿ ಕೇಳಿ ಹೊದ್ದುಕಳ್ರಿ. ಆಮೇಲೆ ಉಚ್ಚೆ ಹೊಯ್ದು ಬರೋಕೆ ಹೇಳ್ತಾರೆ, ನಾಚಿಕೆ ಬ್ಯಾಡ, ಔಷಧಿ ಅದರಲ್ಲೇ ಹೋಗೋದು. ಮೆಷಿನ್ನು ದೊಡ್ಡ ಬಳೆ ಇದ್ದಂಗೆ, ಎಂಆರ್‌ಐ ಥರ ಡಬಡಬ ಅನ್ನಲ್ಲ. ಇಪ್ಪತ್ತು ಮೂವತ್ತು ನಿಮಿಷ ಕೈ ತಲೆ ಮೇಲಿಟ್ಟು ಮಲಗಬೇಕು. ಭುಜ ನೋವಿದ್ರೆ ಮುಂಚೇನೇ ಹೇಳ್ರಿ.

ಉಳ್ಳಾರ್ತಿ ಕಾವಲಲ್ಲಿ ಅಣುಸಂಸ್ಥೆಗೆ ಜಾಗ ಕೊಟ್ಟಾಗಿಂದ ನಮ್ಮ ಕಡೆ ವಿಕಿರಣ ಅಂದ್ರೆ ಜನ ಬೆಚ್ಚಿ ಬೀಳ್ತಾರೆ. ಸ್ಕ್ಯಾನಾದ ಮೇಲೆ ಅಕ್ಕನ ತಟ್ಟೆ ಲೋಟ ಬೇರೆ ಇಡಬೇಕಾ ಅಂತ ಕೇಳಿದೋರೂ ಇದಾರೆ. ಬ್ಯಾಡವೇ ಬ್ಯಾಡ. ಆದ್ರೆ ಆ ದಿನ ಗರ್ಭಿಣಿಯರು, ಕೂಸುಗಳಿಂದ ಕೆಲವು ಗಂಟೆ ದೂರ ಇರಬೇಕು, ನೀರು ಚೆನ್ನಾಗಿ ಕುಡೀಬೇಕು. ಆಗ ಅಕ್ಕನ ಮಗಳು ಏಳು ತಿಂಗಳ ಬಸುರಿ, ತವರಲ್ಲೇ ಇದ್ಲು. ನಾವು ಆ ರಾತ್ರಿ ಬೆಂಗಳೂರಲ್ಲೇ ಉಳಕಂಡು ಬೆಳಗ್ಗೆ ಹೊರಟ್ವಿ. ಅಷ್ಟೊತ್ತಿಗೆ ಔಷಧಿ ಹೆಚ್ಚುಕಮ್ಮಿ ಪೂರಾ ಹೋಗಿರ್ತೈತೆ. ಬಸುರಿ ಅಂತ ಅನುಮಾನ ಇರೋರು, ಹಾಲು ಕುಡಿಸೋರು ಚುಚ್ಚೋಕೆ ಮುಂಚೆ ಬಾಯಿಬಿಟ್ಟು ಹೇಳಲೇಬೇಕು.

ಇನ್ನು ವರದಿ. ಅದರಲ್ಲಿ ಎಸ್‌ಯುವಿ ಅಂತ ನಂಬರ್ ಇರ್ತೈತೆ. ನಮ್ಮ ಹುಡುಗರು ಅದನ್ನ ಮೊಬೈಲಲ್ಲಿ ಹುಡುಕಿ ಮನೆಯೆಲ್ಲ ಗೋಳಾಡಿಸಿದ್ರು. ಮಿದುಳು ಎಲ್ಲರಿಗೂ ಹೊಳೀತೈತೆ, ಮೂತ್ರಕೋಶ ಹೊಳೀತೈತೆ, ಟಿಬಿ ಗಂಟು, ಕೀವು ತುಂಬಿದ ಗಾಯ ಕೂಡ ಹೊಳೀತಾವೆ. ಅಕ್ಕಂಗೆ ಹೊಟ್ಟೇಲಿ ಒಂದು ಕಡೆ ಹೊಳೆದಿತ್ತು, ಡಾಕ್ಟರು ನೋಡಿ ಕರುಳಿಂದು, ಏನಿಲ್ಲ ಅಂದ್ರು. ಆ ಎರಡು ದಿನ ನಮ್ಮ ಮನೇಲಿ ಯಾರ ಗಂಟಲಲ್ಲೂ ಅನ್ನ ಇಳೀಲಿಲ್ಲ. ಡಾಕ್ಟರು ಹೇಳೋವರೆಗೂ ಆ ಲಕೋಟೆ ಒಡೀದಿದ್ರೆ ಒಳ್ಳೇದು ಅಂತ ನನ್ನ ಲೆಕ್ಕ.

ಹಳೇ ವರದಿ, ಸಿಡಿ ಬಿಸಾಕಬ್ಯಾಡ್ರಿ, ಮುಂದಿನ ಸಲ ಹೋಲಿಸಿ ನೋಡ್ತಾರೆ. ನಾವು ದೀಪಾವಳಿ ಆದ ಮೇಲೆ ಮತ್ತೆ ಹೋಗ್ಬೇಕು, ಯಾರಿಗಾದ್ರೂ ಜೊತೆ ಬೇಕಿದ್ರೆ ಹೇಳ್ರಿ.