ದಖ್ಲಾದಲ್ಲಿ ಹುಟ್ಟಿ ದಖ್ಲಾ ನೋಡದವರು

ಆ್ಯಪ್‌ಗಳಲ್ಲಿ ದೇಶ ಆರಿಸೋ ಪಟ್ಟಿ ಇರುತ್ತಲ್ಲ, ಅದನ್ನು ಕೊನೆವರೆಗೂ ಸ್ಕ್ರೋಲ್ ಮಾಡಿದ್ದೀರಾ? ಅಂಥ ಪಟ್ಟಿಗಳನ್ನು ಕೋಡ್ ಮಾಡೋದು ನನ್ನ ಕೆಲಸದ ಒಂದು ಭಾಗ. ಅದರಲ್ಲಿ ಪಶ್ಚಿಮ ಸಹಾರಾಕ್ಕೆ ‘ಇಎಚ್’ ಅನ್ನೋ ಕೋಡ್ ಇದೆ. ಆದರೆ ನಮ್ಮ ‘ಡಾಟ್ ಇನ್’ ಥರ ‘ಡಾಟ್ ಇಎಚ್’ ಇಲ್ಲ; ಆ ಡೊಮೈನನ್ನು ಯಾರಿಗೂ ಕೊಟ್ಟಿಲ್ಲ. ಯಾಕೆ ಅಂತ ಓದುತ್ತಾ ಹೋದೆ.

ಅದು ಸ್ಪೇನ್‌ನ ವಸಾಹತಾಗಿದ್ದ ಮರುಭೂಮಿ. ಸ್ಪೇನ್ ಹೊರಟಾಗ ಮೊರಾಕೊ, ಮಾರಿಟೇನಿಯಾ ಒಳಗೆ ಬಂದವು. 1976ರ ಫೆಬ್ರವರಿ 27ರಂದು ಪೊಲಿಸಾರಿಯೊ ಸಂಘಟನೆ ಅಲ್ಲಿನ ಸಹ್ರಾವಿ ಜನರ ಗಣರಾಜ್ಯವನ್ನು ಘೋಷಿಸಿತು. ಮಾರಿಟೇನಿಯಾ 1979ರಲ್ಲಿ ಹಿಂದೆ ಸರಿಯಿತು. ಇವತ್ತು ಹೆಚ್ಚಿನ ನೆಲ ಮೊರಾಕೊ ಕೈಯಲ್ಲಿದೆ. ನಡುವೆ ಸುಮಾರು 2,700 ಕಿ.ಮೀ. ಉದ್ದದ ಮಣ್ಣುಮರಳಿನ ಗೋಡೆ, ಜೊತೆಗೆ ನೆಲಬಾಂಬುಗಳು. ತಮಾಷೆಯೆಂದರೆ, ಆಫ್ರಿಕನ್ ಒಕ್ಕೂಟದಲ್ಲಿ ಇಬ್ಬರೂ ಸದಸ್ಯರು! ನಮ್ಮ ಭಾರತವೂ 1985ರಲ್ಲಿ ಈ ಗಣರಾಜ್ಯಕ್ಕೆ ಮಾನ್ಯತೆ ಕೊಟ್ಟು, 2000ದಲ್ಲಿ ವಾಪಸ್ ಪಡೆಯಿತು.

1991ರಲ್ಲಿ ಕದನವಿರಾಮ ಆಯ್ತು. ಸ್ವಾತಂತ್ರ್ಯ ಬೇಕಾ, ಮೊರಾಕೊ ಜೊತೆ ಇರ್ತೀರಾ ಅಂತ ಜನರನ್ನೇ ಕೇಳೋಕೆ ವಿಶ್ವಸಂಸ್ಥೆಯ ತಂಡ ಬಂತು. ಮತದಾರರ ಪಟ್ಟಿಯಲ್ಲಿ ಯಾರಿರಬೇಕು ಅನ್ನೋ ಜಗಳ ಮುಗಿಯಲೇ ಇಲ್ಲ. ಮತದಾನ ಇವತ್ತಿಗೂ ನಡೆದಿಲ್ಲ. 2020ರಲ್ಲಿ ಕದನವಿರಾಮವೂ ಮುರಿಯಿತು.

ಯುದ್ಧಕ್ಕೆ ಹೆದರಿ ಓಡಿಬಂದವರು ಆಲ್ಜೀರಿಯಾದ ಟಿಂಡೂಫ್ ಬಳಿ ಶಿಬಿರಗಳಲ್ಲಿದ್ದಾರೆ. ಶಿಬಿರಗಳಿಗೆ ಬಿಟ್ಟುಬಂದ ಊರುಗಳದ್ದೇ ಹೆಸರು: ಸ್ಮಾರಾ, ಲಾಯೂನ್, ದಖ್ಲಾ. ನಿಜವಾದ ದಖ್ಲಾ ಇರೋದು ಅಟ್ಲಾಂಟಿಕ್ ದಡದಲ್ಲಿ. ಶಿಬಿರದ ದಖ್ಲಾದ ಸುತ್ತ ಬರೀ ಮರಳು. ಅಲ್ಲೇ ಹುಟ್ಟಿ, ನನ್ನಷ್ಟು ವಯಸ್ಸಾದವರು ‘ನಮ್ಮೂರು ದಖ್ಲಾ’ ಅಂದರೆ, ಯಾವ ದಖ್ಲಾ ಅಂತ ಕೇಳೋಕೆ ನನಗಂತೂ ಬಾಯಿ ಬರಲ್ಲ.